ಅಮಾವಾಸ್ಯೆಯ ಬಸ್ಸು

ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕಡೆಗೆ ಹೋಗುವ ರಸ್ತೆಯ ಮೇಲೆ ನಾಗೇಂದ್ರಪ್ಪನ ಖಾನಾವಳಿ ಇದೆ. ಮುಂದಿನ ಗೋಡೆಯ ಮೇಲೆ ‘ಇಲ್ಲಿ ಕೈರೊಟ್ಟಿ ಸಿಗುತ್ತದೆ’ ಎಂದು ಕೆಂಪು ಅಕ್ಷರಗಳಲ್ಲಿ ಬರೆಸಿದ್ದಾನೆ. ಆ ಕೈ ಅವನದಲ್ಲ, ಅವನ ಹೆಂಡತಿ ಶರಣಬಸಮ್ಮನದು. ಮದುವೆಯಾಗಿ ಬಂದ ವರ್ಷದಿಂದ ಅವಳು ಜೋಳದ ಹಿಟ್ಟಿಗೆ ಎಸರು ಹಾಕಿ ನಾದುತ್ತ, ಬಡಿಯುತ್ತ, ಬೇಯಿಸುತ್ತ ಬಂದಿದ್ದಾಳೆ. ಈಗ ಐವತ್ತು ದಾಟಿದೆ. ಬಲಭುಜ ಎಡಭುಜಕ್ಕಿಂತ ಒಂದಿಷ್ಟು ಕೆಳಗೆ ಇಳಿದಿದೆ. ಊರಿಗೆ ರೊಟ್ಟಿ ಮಾಡುವ ಯಂತ್ರ ಬಂದು ವರ್ಷಗಳಾದವು. ನಾಗೇಂದ್ರಪ್ಪ ಹೋಗಿ ಅದನ್ನು ನೋಡಿಯೂ ಬಂದ. ಯಂತ್ರದ ರೊಟ್ಟಿ ತಿಂದ ಗಿರಾಕಿ ಎರಡನೇ ಸಲ ಬರುವುದಿಲ್ಲ ಎಂದು ಹೇಳಿ, ಗೋಡೆಯ ಅಕ್ಷರಗಳಿಗೆ ಹೊಸ ಬಣ್ಣ ಹೊಡೆಸಿದ.

ಖಾನಾವಳಿಗೆ ರಜೆ ಇಲ್ಲ. ಕಾರ್ಖಾನೆಯ ಗುತ್ತಿಗೆ ಕೂಲಿಗಳು, ರೈಲ್ವೆಯವರು, ಲಾರಿ ಓಡಿಸುವವರು ದಿನಾ ಉಣ್ಣುವವರು. ಒಂದು ದಿನ ಬಾಗಿಲು ಹಾಕಿದರೆ ಮರುದಿನ ಎದುರಿನ ಖಾನಾವಳಿಯಲ್ಲಿ ಕುಳಿತಿರುತ್ತಾರೆ ಎನ್ನುವುದು ನಾಗೇಂದ್ರಪ್ಪನ ಮಾತು, ಅದು ಸುಳ್ಳೂ ಅಲ್ಲ. ಅವನು ಕೆಟ್ಟ ಗಂಡನಲ್ಲ. ಹೊಡೆದವನಲ್ಲ, ಕುಡಿದವನಲ್ಲ. ಹೆಂಡತಿಗೆ ಬೇಸರವಾಗಬಹುದು ಎಂಬುದು ಅವನ ತಲೆಯೊಳಗೆ ಬಂದಿರಲಿಲ್ಲ, ಅಷ್ಟೇ. ತಾನು ಮಾತ್ರ ದಿನಾ ಸಂಜೆ ಅಂಗಿ ಬದಲಿಸಿ ಸ್ಟೇಷನ್ನಿನ ಕಡೆ ಹೋಗಿ, ನಾಲ್ಕು ಮಂದಿಯ ಜೊತೆ ಚಹಾ ಕುಡಿದು, ಹೋಗುವ ಬರುವ ಗಾಡಿಗಳನ್ನು ನೋಡಿ ಬರುತ್ತಿದ್ದ. ಯಾಕೆ ಹೋಗುತ್ತಿ ಎಂದು ಅವನನ್ನು ಯಾರೂ ಕೇಳಿದವರಿಲ್ಲ.

ಶರಣಬಸಮ್ಮನಿಗೆ ಮೊದಲು ತವರಿತ್ತು. ಶಹಾಬಾದದಲ್ಲಿ ತಾಯಿ ಬದುಕಿರುವವರೆಗೆ ಪಂಚಮಿಗೆ ಹೋಗಿ ಕೆಲವು ದಿನ ಮಲಗಿ ಬರುತ್ತಿದ್ದಳು. ಜೋಕಾಲಿ, ಉಂಡಿ, ಗೆಳತಿಯರು ಏನೂ ಬೇಕಾಗಿರಲಿಲ್ಲ. ಮಲಗುತ್ತಿದ್ದಳು. ತಾಯಿ ತೀರಿದ ಮೇಲೆ ಒಂದು ವರ್ಷ ತಮ್ಮನ ಹೆಂಡತಿ ಕರೆದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಲೇ, ಅಕ್ಕನವರ ಕೈರೊಟ್ಟಿ ಇಡೀ ವಾಡಿಗೆ ಹೆಸರಾಗಿದೆ, ನಾವೂ ಒಮ್ಮೆ ತಿನ್ನೋಣ ಎಂದು ನಗುತ್ತ ಹಿಟ್ಟಿನ ಡಬ್ಬಿ ತಂದು ಮುಂದಿಟ್ಟಳು. ಮರುವರ್ಷದಿಂದ ಶರಣಬಸಮ್ಮ ಹೋಗಲಿಲ್ಲ.

ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದಾಗ ಓಣಿಗೆ ಓಣಿಯೇ ಎದ್ದು ಹೊರಟಿತು. ಪಕ್ಕದ ಮನೆಯ ಅಂಬುಬಾಯಿ ಆಧಾರ್ ಕಾರ್ಡು ಕುಬಸದಲ್ಲಿ ಸಿಕ್ಕಿಸಿಕೊಂಡು ಮಳೆ ಹಿಡಿಯುವುದರೊಳಗೆ ಗಾಣಗಾಪುರ, ಕೂಡಲಸಂಗಮ ಎರಡನ್ನೂ ಮುಗಿಸಿ ಬಂದಳು. ಬಂದವಳು ಖಾನಾವಳಿಯ ಹಿಂಬಾಗಿಲಲ್ಲಿ ಕುಳಿತು ಹೊಳೆ, ಗದ್ದಲ, ಸೀಟಿನ ಜಗಳ ಎಲ್ಲ ವರ್ಣಿಸುವಳು. ಶರಣಬಸಮ್ಮ ಕೈ ನಿಲ್ಲಿಸದೆ ಕೇಳುವಳು. ಅವಳಿಗೆ ದೇವರ ಮಾತು ಅಷ್ಟಾಗಿ ಕಿವಿಗೆ ಬೀಳುತ್ತಿರಲಿಲ್ಲ. ಬಸ್ಸಿನಲ್ಲಿ ಕುಳಿತೇ ಒಂದು ಇಡೀ ದಿನ ಕಳೆಯಬಹುದು ಎಂಬುದೊಂದು ಮಾತು ಕಿವಿಯಲ್ಲಿ ಉಳಿಯಿತು.

ಒಂದು ರಾತ್ರಿ ಪಾತ್ರೆಗಳೆಲ್ಲ ಮುಗಿದ ಮೇಲೆ ಗಂಡನಿಗೆ ಹೇಳಿದಳು.

“ನಾನೂ ಒಂದಿನ ಹೊರಗ ಹೋಗಿ ಬರ್ತೀನ್ರಿ.”

“ಎಲ್ಲಿಗಿ?”

“ಎಲ್ಲಿಗರೆ. ಸುಮ್ಮ.”

“ಸುಮ್ಮ ಅಂದ್ರ? ಯಾರರೆ ಸತ್ತಾರೇನು?”

“ಯಾರೂ ಸತ್ತಿಲ್ಲ.”

“ಮತ್ತ ಯಾಕ ಹೋಗ್ತಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೇ ತಿಳಿಯದೆ ಕೇಳಿದ್ದ. ಬೈದಿದ್ದರೆ ಅವಳಿಗೆ ಉತ್ತರ ಹೊಳೆಯುತ್ತಿತ್ತೇನೋ. ಯಾಕೆ ಎನ್ನುವುದು ಅವಳಿಗೂ ಹೇಳಲು ಬರಲಿಲ್ಲ. ಕಣ್ಣು ಅತ್ತಿತ್ತ ಹಾಯಿತು. ಒಲೆಯ ಕಟ್ಟೆ ಒರೆಸುತ್ತಿದ್ದ ಸೊಸೆಯ ಮೇಲೆ ನಿಂತಿತು. ಉಮಾದೇವಿ ಸೇಡಂ ಕಡೆಯ ಹುಡುಗಿ, ಮಗ ಸಿದ್ದಲಿಂಗೇಶನ ಹೆಂಡತಿ. ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಿಲ್ಲ. ಮನೆಯಲ್ಲಿ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ.

“ನಾಲವಾರದ ಮಠಕ್ಕ ಹೋಗಬೇಕ್ರಿ,” ಎಂದಳು ಶರಣಬಸಮ್ಮ. “ಇಕಿ ಉಡಿ ತುಂಬಲಿ ಅಂತ ಹರಕಿ ಹೊತ್ತೀನಿ. ತುಂಬೋತನ ಪ್ರತಿ ಅಮಾಸಿಗಿ ಬರ್ತೀನಿ ಅಂದೀನಿ.”

ನಾಗೇಂದ್ರಪ್ಪನ ಮುಖ ಮೆತ್ತಗಾಯಿತು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದ. ಆ ದಿನ ಪಲ್ಯ ಒಂದು ಕಡಿಮೆ ಮಾಡಿದರಾಯಿತು, ರೊಟ್ಟಿ ಉಮಾ ಬಡಿಯುತ್ತಾಳೆ ಎಂದ. ಉಮಾದೇವಿಯ ಕೈಯಲ್ಲಿದ್ದ ಬಟ್ಟೆ ಕಟ್ಟೆಯ ಮೇಲೆ ಒಂದು ಗಳಿಗೆ ನಿಂತು ಮತ್ತೆ ಓಡಾಡಿತು.

ಮೊದಲ ಅಮಾವಾಸ್ಯೆಗೆ ಶರಣಬಸಮ್ಮ ಮಠಕ್ಕೆಂದೇ ಹೊರಟಿದ್ದಳು. ತೆಂಗಿನಕಾಯಿ, ಊದಿನಕಡ್ಡಿ ಕೈಚೀಲದಲ್ಲಿದ್ದವು. ಆದರೆ ನಾಲವಾರದ ಬಸ್ಸಿನ ಬಾಗಿಲಿಗೆ ಹೆಂಗಸರು ಜೇನಿನಂತೆ ಮುತ್ತಿದ್ದರು. ಕಂಡಕ್ಟರು ಕೆಳಗೆ ನಿಂತು, ಅವ್ವಗೋಳ್ರಾ ನಿಮ್ಮ ಕಾಲ ಬೀಳ್ತೀನಿ, ಹಿಂದಿನ ಬಸ್ಸಿಗಿ ಬರ್ರಿ ಎಂದು ಕೈಮುಗಿಯುತ್ತಿದ್ದ. ಪಕ್ಕದಲ್ಲಿ ಚಿತ್ತಾಪುರದ ಬಸ್ಸು ನಿಂತಿತ್ತು. ಅದರಲ್ಲಿ ಕಿಟಕಿಯ ಸೀಟುಗಳೆಲ್ಲ ಖಾಲಿ. ಕಾಲು ನೋಯುತ್ತಿತ್ತು, ಕುಳಿತರಾಯಿತು ಎಂದು ಹತ್ತಿದಳು. ಬಸ್ಸು ಬಿಟ್ಟಿತು. ಇಳಿಯಬಹುದಿತ್ತು, ಇಳಿಯಲಿಲ್ಲ.

ಆ ದಿನ ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ಸೇಡಂ ತನಕ ಹೋದಳು. ಏನೂ ಆಗಲಿಲ್ಲ. ತೊಗರಿ ಹೊಲಗಳು ಹೋದವು, ಕಲ್ಲಿನ ಗಣಿಗಳು ಹೋದವು, ಯಾರದೋ ಊರಿನ ಯಾರದೋ ಎಮ್ಮೆಗಳು ರಸ್ತೆ ದಾಟಿದವು. ಅವಳ ಹೆಸರು ಹಿಡಿದು ಯಾರೂ ಕೂಗಲಿಲ್ಲ. ಸೇಡಂ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗಿ ಇಡ್ಲಿ ಕೇಳಿದಳು. ತಟ್ಟೆಯನ್ನು ಬೇರೆಯವರು ತಂದು ಅವಳ ಮುಂದಿಟ್ಟರು. ಚಟ್ನಿ ಸಾಕೇನ್ರೀ ಅವ್ವಾ ಎಂದು ಕೇಳಿದರು. ಬೇಕಾಗಿರದಿದ್ದರೂ ಇನ್ನಷ್ಟು ಹಾಕಿಸಿಕೊಂಡಳು. ಉಂಡ ತಟ್ಟೆಯನ್ನು ಎತ್ತಲು ಕೈ ತಾನಾಗಿ ಹೋಯಿತು, ಹಿಂದೆಗೆದುಕೊಂಡಳು.

ಮರಳಿ ಬರುವಾಗ ಪ್ರಸಾದದ ನೆನಪಾಯಿತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕಲ್ಲುಸಕ್ಕರೆಯ ಪೊಟ್ಟಣ, ಒಂದು ವಿಭೂತಿ ಗಟ್ಟಿ ಕೊಂಡಳು. ಕಾಯಿಯನ್ನು ಅಲ್ಲೇ ಕಟ್ಟೆಗೆ ಒಡೆದು ಹೋಳು ಮಾಡಿಕೊಂಡಳು. ಮನೆಗೆ ಬಂದು ಕೈಚೀಲ ಬಿಚ್ಚಿದರೆ ನಾಗೇಂದ್ರಪ್ಪ ಎದ್ದು ನಿಂತು ಎರಡೂ ಕೈ ಒಡ್ಡಿದ. ಅಂಬುಬಾಯಿಯೂ ಸೆರಗು ಹೊದ್ದು ಬಂದು ಇಸಿದುಕೊಂಡಳು. ಒಳ್ಳೆಯ ದರ್ಶನವಾಯಿತೇ ಎಂದು ಕೇಳಿದಳು. ಭಾಳ ಗದ್ದಲ ಎಂದಳು ಶರಣಬಸಮ್ಮ. ಅದೊಂದು ಸುಳ್ಳಾಗಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಸೇಡಂ ದಾಟಿ ಚಿಂಚೋಳಿಗೆ ಹೋದಳು. ಕಪ್ಪು ನೆಲದಲ್ಲಿ ಹುಟ್ಟಿ ಕಪ್ಪು ನೆಲದಲ್ಲೇ ಐವತ್ತು ವರ್ಷ ಕಳೆದವಳಿಗೆ ಅಲ್ಲಿಯ ಮಣ್ಣು ಕೆಂಪಗಿರುವುದೇ ಒಂದು ದೊಡ್ಡ ನೋಟವಾಯಿತು. ಊರ ಹೊರಗೆ ಗುಡ್ಡದ ಕಡೆ ಏರುವ ಕಾಲುದಾರಿಯಿತ್ತು. ಸ್ವಲ್ಪ ದೂರ ಹತ್ತಿ ಒಂದು ಮರದ ಕೆಳಗೆ ಕುಳಿತಳು. ಆಮೇಲಿನ ಅಮಾವಾಸ್ಯೆಗಳಲ್ಲೆಲ್ಲ ಅದೇ ಅವಳ ಜಾಗವಾಯಿತು. ಅಲ್ಲಿ ನೋಡಬೇಕಾದದ್ದು ಏನೂ ಇರಲಿಲ್ಲ. ಕೂರುವಳು, ಬೇಕೆನಿಸಿದರೆ ಸೆರಗು ಹಾಸಿ ಅಡ್ಡಾಗುವಳು, ಹೊತ್ತು ಇಳಿಯುವ ಮೊದಲು ಬಸ್ಸಿಗೆ ಬರುವಳು.

ಅದೇ ದಾರಿಯ ಬುಡದಲ್ಲಿ ನಜಮುನ್ನೀಸಾ ಎಂಬ ಮುದುಕಿ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಎರಡು ಮೂರು ಸಲ ನೋಡಿದ ಮೇಲೆ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

“ಯಾರ ಮನಿಗಿ ಬರ್ತೀಯವ್ವಾ ನೀ?”

“ಯಾರ ಮನಿಗೂ ಅಲ್ಲ.”

“ದವಾಖಾನಿಗೇನು?”

“ಅಲ್ಲ. ಸುಮ್ಮ ಕುಂದರಲಿಕ್ಕ ಬರ್ತೀನಿ.”

ನಜಮುನ್ನೀಸಾ ಅವಳ ಕೊರಳು, ಕೈ, ಕಾಲಿನ ಬೆರಳು ಎಲ್ಲ ನೋಡಿದಳು. “ನಸೀಬ ಅದ ನಿಂದು,” ಎಂದಳು. “ನಾ ಇಲ್ಲಿ ಕುಂದರಬೇಕಂದ್ರ ಬುಟ್ಟಿ ಇಟಗೊಂಡೇ ಕುಂದರಬೇಕು. ಬುಟ್ಟಿ ಇಲ್ದ ಕುಂತ್ರ ನನ್ನ ಸೊಸಿ, ಅತ್ತಿಗಿ ಹುಚ್ಚ ಹಿಡದದ ಅಂತ ತಾಯತ ಕಟ್ಟಸ್ತಾಳ.”

ಶರಣಬಸಮ್ಮ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು. ತನ್ನ ಬುಟ್ಟಿ ಯಾವುದೆಂದು ಅವಳಿಗೆ ಹೇಳಲಿಲ್ಲ.

ವಾಡಿಯಲ್ಲಿ ಈ ಹರಕೆ ಅವಳ ಕೈಬಿಟ್ಟು ಬೆಳೆಯತೊಡಗಿತ್ತು. ಅತ್ತೆ ಇಷ್ಟು ಕಷ್ಟಪಡುವಾಗ ಸೊಸೆ ಉಂಡು ಕೂತರೆ ಹೇಗೆ ಎಂದು ಅಂಬುಬಾಯಿ ಒಂದು ನೇಮ ತೆಗೆದಳು. ಅಮಾವಾಸ್ಯೆಯ ದಿನ ಪ್ರಸಾದ ಮನೆಗೆ ಬರುವ ತನಕ ಉಮಾದೇವಿ ಹೊಟ್ಟೆಗೆ ಏನೂ ಹಾಕಿಕೊಳ್ಳಬಾರದು. ನಾಗೇಂದ್ರಪ್ಪ ಅದು ಸರಿ ಎಂದ. ಸಿದ್ದಲಿಂಗೇಶ ಸೇಡಂ ಕಾರ್ಖಾನೆಯ ಪಾಳಿ ಮುಗಿಸಿ ಬಂದು ತಲೆಯಾಡಿಸಿದ. ಶರಣಬಸಮ್ಮ ಬೇಡ ಎನ್ನಬಹುದಿತ್ತು. ಆದರೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ.

ಹೀಗೆ ಎಳ್ಳ ಅಮಾವಾಸ್ಯೆ ಒಂದನ್ನು ಬಿಟ್ಟು ಎಲ್ಲ ಅಮಾವಾಸ್ಯೆಗಳೂ ನಡೆದವು. ಎಳ್ಳ ಅಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಬುತ್ತಿ ಒಯ್ಯುತ್ತದೆ, ಖಾನಾವಳಿಗೆ ಸಜ್ಜೆರೊಟ್ಟಿಯ ಆರ್ಡರು ವಾರ ಮೊದಲೇ ಬಿದ್ದಿರುತ್ತದೆ. ಉಳಿದ ಅಮಾವಾಸ್ಯೆಗಳಲ್ಲಿ ಶರಣಬಸಮ್ಮ ಬೆಳಗ್ಗೆ ಬಸ್ಸು ಹತ್ತುವಳು. ಉಮಾದೇವಿ ಬರಿಹೊಟ್ಟೆಯಲ್ಲಿ ಇಬ್ಬರ ರೊಟ್ಟಿ ಬಡಿಯುವಳು. ಸಂಜೆ ಕಲ್ಲುಸಕ್ಕರೆಗೆ ಕೈ ಒಡ್ಡುವಾಗ ಅವಳು ಗೋಡೆಗೆ ಒರಗಿ ನಿಲ್ಲುವುದು ಶರಣಬಸಮ್ಮನಿಗೆ ಕಾಣುತ್ತಿತ್ತು. ಕಂಡದ್ದನ್ನು ಅವಳು ಮನಸ್ಸಿಗೆ ತಂದುಕೊಳ್ಳುತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಹುಡುಗಿ, ಒಂದು ದಿನ ತಡೆದುಕೊಂಡರೆ ಸಾಯುವುದಿಲ್ಲ ಎಂದುಕೊಳ್ಳುತ್ತಿದ್ದಳು.

ಬೇಸಿಗೆಯಲ್ಲಿ ಒಂದು ತಿಂಗಳು ಉಮಾದೇವಿ ಮುಟ್ಟಾಗುವುದು ತಡವಾಯಿತು. ಅಂಬುಬಾಯಿಗೆ ಅದು ಹೇಗೆ ತಿಳಿಯಿತೋ, ಹುಣಸೆಹಣ್ಣು ತಂದುಕೊಟ್ಟು ಕಣ್ಣು ಮಿಟುಕಿಸಿ ಹೋದಳು. ನಾಗೇಂದ್ರಪ್ಪ ಗಿರಾಕಿಗಳಿಗೆ ಮಜ್ಜಿಗೆ ಪುಕ್ಕಟೆ ಹಾಕಿಸಿದ. ಮನೆಯಲ್ಲಿ ಮುಖ ಇಳಿದಿದ್ದದ್ದು ಶರಣಬಸಮ್ಮನದು ಮಾತ್ರ. ಉಡಿ ತುಂಬಿದರೆ ಹರಕೆ ಮುಗಿಯಿತು. ಹರಕೆ ಮುಗಿದರೆ ಬಸ್ಸು ಮುಗಿಯಿತು. ಆಮೇಲೆ ಬಸುರಿಯ ಆರೈಕೆ, ಬಾಣಂತಿಯ ಆರೈಕೆ, ಕೂಸು, ಮತ್ತು ಎಲ್ಲದರ ನಡುವೆ ಒಬ್ಬಳ ಕೈಯಲ್ಲಿ ಖಾನಾವಳಿಯ ರೊಟ್ಟಿ. ಎಂಟು ದಿನ ಕಳೆದ ಮೇಲೆ ಉಮಾದೇವಿ ಮುಟ್ಟಾಗಿ ಹೊರಗೆ ಕೂತು ಅತ್ತಳು. ಶರಣಬಸಮ್ಮ ಅವಳ ಬೆನ್ನು ಸವರಿದಳು. ಸವರುವ ಕೈ ಹಗುರವಾಗಿತ್ತು. ಅದು ಸಮಾಧಾನ ಹೇಳುವ ಕೈಯಲ್ಲ, ಬಿಡುಗಡೆಯಾದ ಕೈ ಎಂದು ಅವಳಿಗೆ ತಿಳಿದಿತ್ತು. ತಿಳಿದೂ ಮುಂದಿನ ಅಮಾವಾಸ್ಯೆಗೆ ಸೀರೆ ಮಡಿಸಿಟ್ಟಳು.

ಮಳೆ ಶುರುವಾದ ಮೇಲಿನ ಅಮಾವಾಸ್ಯೆಗೆ ಗುಡ್ಡದ ದಾರಿ ಜಾರುತ್ತಿತ್ತು. ಮರುದಿನ ಹಿತ್ತಲಲ್ಲಿ ಉಮಾದೇವಿ ಬಟ್ಟೆ ಒಗೆಯಲು ಕುಳಿತಳು. ಅತ್ತೆಯ ಸೀರೆಯ ಅಂಚನ್ನು ಶಹಾಬಾದಿ ಕಲ್ಲಿನ ಮೇಲೆ ಹಾಸಿ ಸೋಪು ಹಚ್ಚಿದಳು, ಉಜ್ಜಿದಳು, ನಿಲ್ಲಿಸಿದಳು. ಶರಣಬಸಮ್ಮ ಅಲ್ಲೇ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು.

“ಅತ್ತಿ, ನಾಲವಾರದಾಗ ಕೆಂಪ ಮಣ್ಣ ಯಾವಾಗ ಬಂತ್ರಿ?”

ಬಸ್ಸಿನಲ್ಲಿ ಯಾರದೋ ಕಾಲಿನದು ಹತ್ತಿರಬೇಕು ಎಂದಳು ಶರಣಬಸಮ್ಮ.

“ನಮ್ಮ ಸಣ್ಣವ್ವನ ಮನಿ ಚಿಂಚೋಳಿ ಕಡಿ ಅದರಿ. ಸಣ್ಣಾಕಿದ್ದಾಗ ಸಾಲಿ ಸೂಟಿಗಿ ಅಲ್ಲೇ ಇರತಿದ್ದೆ. ಈ ಮಣ್ಣ ನನಗ ಗೊತ್ತದ. ಒಗದ್ರ ಹೋಗಂಗಿಲ್ಲ.” ಉಮಾದೇವಿ ತಲೆ ಎತ್ತಲಿಲ್ಲ. “ಹ್ವಾದ ಸಲಾನೂ ಇತ್ತು. ಅದರ ಹಿಂದಿನ ಸಲಾನೂ ಇತ್ತು. ನಾನೇ ಕೇಳಬಾರದಂತ ಬಿಟ್ಟೀನಿ.”

ಶರಣಬಸಮ್ಮ ಸೊಪ್ಪಿನ ದಂಟು ಮುರಿಯುತ್ತಲೇ ಇದ್ದಳು. ಮುರಿದದ್ದನ್ನು ಎಲೆಯ ಕಡೆಗೆ ಹಾಕಿದಳೋ ಕಸದ ಕಡೆಗೆ ಹಾಕಿದಳೋ ಗೊತ್ತಾಗಲಿಲ್ಲ.

“ಆ ಕಲ್ಲಸಕ್ಕರಿ ಎಲ್ಲೀದ್ರಿ?”

“ಅಂಗಡೀದು.”

“ಎಲ್ಲಾ ಅಮಾಸೀದೂ?”

“ಎಲ್ಲಾ.”

ಉಮಾದೇವಿ ಸೀರೆಯನ್ನು ಹಿಂಡಿ ಬಕೆಟ್ಟಿಗೆ ಹಾಕಿದಳು. ಮತ್ತೆ ತೆಗೆದಳು, ಮತ್ತೆ ಹಿಂಡಿದಳು. ಅವಳು ಅಳುತ್ತಾಳೆ ಎಂದು ಶರಣಬಸಮ್ಮ ಕಾದಳು. ಅತ್ತರೆ ಸಮಾಧಾನ ಹೇಳಬಹುದಿತ್ತು. ಹುಡುಗಿ ಅಳಲಿಲ್ಲ.

“ನೀವು ಹರಕಿ ಹೊರೋ ಮುಂಚೆ ಈ ಓಣ್ಯಾಗ ನನಗ ಯಾರೂ ಏನೂ ಅಂತಿದ್ದಿಲ್ರಿ. ಇನ್ನೂ ಹುಡುಗಿ ಅದಾಳ ಅಂತಿದ್ರು. ಹರಕಿ ಹೊತ್ತ ಮ್ಯಾಲ ಬಸರೇರ ಕುಬಸದ ಕಾರ್ಯಕ್ಕ ಕರಿಯೋದು ಬಿಟ್ರು. ಕರದ್ರೂ ಆರತಿ ಕೈಯಾಗ ಕೊಡಲ್ಲ. ಇರಲಿ ಅಂತ ಸುಮ್ಮಿದ್ದೆ. ಅತ್ತಿ ನನ್ನ ಸಲುವಾಗಿ ಅಡ್ಡಾಡಕತ್ತಾರ ಅಂತ ತಿಳದಿದ್ದೆ. ಉಪಾಸ ಇದ್ದು ನಿಮ್ಮ ಪಾಲಿನ ರೊಟ್ಟೀನೂ ಬಡದೀನಿ.”

ಶರಣಬಸಮ್ಮನಿಗೆ ಹೇಳಲು ಇದ್ದದ್ದು ಒಂದೇ ಮಾತು. ಹೇಳಿದಳು.

“ನನಗ ಒಂದು ದಿನ ಬೇಕಾಗಿತ್ತವ್ವಾ.”

“ನನಗ ಬ್ಯಾಡೇನ್ರಿ?”

ಶರಣಬಸಮ್ಮ ಈ ವರ್ಷವೆಲ್ಲ ಎಷ್ಟೋ ಮಾತು ಕಟ್ಟಿಟ್ಟುಕೊಂಡಿದ್ದಳು. ಸಿಕ್ಕಿಬಿದ್ದರೆ ಗಂಡನಿಗೆ ಏನು, ಅಂಬುಬಾಯಿಗೆ ಏನು, ಮಗನಿಗೆ ಏನು ಎಂದು. ಸೊಸೆ ಕೇಳುತ್ತಾಳೆಂದು, ಅದೂ ಹೀಗೆ ಕೇಳುತ್ತಾಳೆಂದು ಅವಳು ಎಣಿಸಿರಲಿಲ್ಲ. ತನಗೆ ಬೇಕಾದದ್ದು ಅವಳಿಗೂ ಬೇಕಾಗಬಹುದೆಂಬ ವಿಚಾರ, ನಾಗೇಂದ್ರಪ್ಪನ ತಲೆಗೆ ಹೇಗೆ ಬಂದಿರಲಿಲ್ಲವೋ ಹಾಗೆಯೇ ಅವಳ ತಲೆಗೂ ಬಂದಿರಲಿಲ್ಲ.

ಉಮಾದೇವಿ ಗಲಾಟೆ ಮಾಡಲಿಲ್ಲ. ಗಂಡನಿಗೂ ಹೇಳಲಿಲ್ಲ. ಕೆಲವು ದಿನ ಬಿಟ್ಟು, ಎಲ್ಲರೂ ಉಣ್ಣಲು ಕುಳಿತಾಗ, ಮಾವನ ತಟ್ಟೆಗೆ ಬೇಳೆ ಬಡಿಸುತ್ತ ಮೆಲ್ಲಗೆ ವಿಷಯ ತೆಗೆದಳು. ಬೇಡಬೇಕಾದವಳು ತಾನು, ಇನ್ನು ಮುಂದೆ ಮಠಕ್ಕೆ ತಾನೇ ಹೋಗುವುದು ಸರಿಯಲ್ಲವೇ ಎಂದಳು. ನಾಗೇಂದ್ರಪ್ಪ ಒಂದು ತುತ್ತು ಅಗಿದು ನುಂಗುವಷ್ಟು ಹೊತ್ತು ಯೋಚಿಸಿ, ಈ ಮಾತು ನನಗೆ ಹೊಳೆಯಲೇ ಇಲ್ಲ ನೋಡು ಎಂದ. ಸಿದ್ದಲಿಂಗೇಶ ರಜೆ ಹಾಕಿ ಗಾಡಿಯ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದ.

“ಜೋಡಿ ಬರಬಾರದಂತರಿ,” ಎಂದಳು ಉಮಾದೇವಿ. “ಹರಕಿ ಇದ್ದಾಕಿ ಒಬ್ಬಾಕೀನೇ ಹೋಗಬೇಕು, ಒಬ್ಬಾಕೀನೇ ಬರಬೇಕು. ಹೌದಲ್ರಿ ಅತ್ತಿ?”

ಎಲ್ಲರೂ ಶರಣಬಸಮ್ಮನ ಕಡೆ ನೋಡಿದರು. ಸೊಸೆಯ ಮುಖದಲ್ಲಿ ನಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬೇಳೆಯ ಸೌಟು ಹಿಡಿದು ಉತ್ತರಕ್ಕೆ ಕಾದಿದ್ದಳು.

“ಹೌದು,” ಎಂದಳು ಶರಣಬಸಮ್ಮ. “ಹಂಗೇ ಅದ.”

ಆ ಅಮಾವಾಸ್ಯೆಗೆ ಉಮಾದೇವಿ ಮದುವೆಯ ಹಸಿರು ಸೀರೆ ಉಟ್ಟು ಹೋದಳು. ಎಲ್ಲಿಗೆ ಹೋದಳೆಂದು ಶರಣಬಸಮ್ಮ ಕೇಳಲಿಲ್ಲ. ಕೇಳುವ ಬಾಯಿ ಅವಳಿಗೆ ಉಳಿದಿರಲಿಲ್ಲ. ಸಂಜೆ ಬಂದವಳ ಮುಖ ನೋಡಿದಳು. ಬಿಸಿಲಿಗೆ ಕಂದಿದ್ದ ಮುಖ ಅದು. ಮಲಗಿ ಎದ್ದವಳಂತೆ ತಿಳಿಯಾಗಿತ್ತು. ಆ ಮುಖ ಶರಣಬಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನ ಕಿಟಕಿಯ ಗಾಜಿನಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದಳು.

ಇನ್ನೊಂದು ಅಮಾವಾಸ್ಯೆ ಹತ್ತಿರ ಬಂತು. ಶರಣಬಸಮ್ಮನ ಭುಜ ರಾತ್ರಿಯಿಡೀ ಎಳೆಯುತ್ತಿತ್ತು. ಅತ್ತೆತನ ಬದಿಗಿಟ್ಟು ಕೇಳಿಯೇಬಿಟ್ಟಳು. ಈ ಸಲ ನಾ ಹೋಗಿ ಬರಲೇನು, ಒಂದು ನಿನಗೆ ಒಂದು ನನಗೆ ಮಾಡಿಕೊಂಡರಾಯಿತು ಎಂದಳು. ಇಬ್ಬರೂ ಅಕ್ಕಪಕ್ಕದ ಹಂಚುಗಳ ಮುಂದೆ ಕೂತಿದ್ದರು. ಉಮಾದೇವಿ ರೊಟ್ಟಿ ತಿರುವಿ ಹಾಕಿ, ಮೇಲೆ ನೀರು ಸವರಿ, ಆಮೇಲೆ ಹೇಳಿದಳು.

“ನೀವು ಎಷ್ಟು ಸಲ ಹೋಗೀರಿ, ಅಷ್ಟು ನನ್ನವು ಮುಗೀಲಿ ಅತ್ತಿ. ಆಮ್ಯಾಲ ನೋಡಣಂತ.”

ಅಮಾವಾಸ್ಯೆಯ ದಿನ ಉಮಾದೇವಿ ಹೊರಟಳು. ಮಧ್ಯಾಹ್ನ ಊಟದ ಪಂಕ್ತಿ ತುಂಬಿ, ಹೊರಗಿನಿಂದ ರೊಟ್ಟಿ ರೊಟ್ಟಿ ಎಂದು ಕೂಗು ಬರುವ ಹೊತ್ತಿಗೆ ಶರಣಬಸಮ್ಮನ ಬಲಗೈ ಎತ್ತಿದರೆ ಏಳದಾಯಿತು. ಎಡಗೈಯಿಂದ ಬಡಿದ ರೊಟ್ಟಿ ಹರಿಯಿತು. ಅವಳು ಎದ್ದು ಹಿಟ್ಟಿನ ಕೈಯಲ್ಲೇ ನಡುಬಾಗಿಲಿಗೆ ಬಂದು ನಿಂತಳು. ನಾಗೇಂದ್ರಪ್ಪ ಗಲ್ಲಾದ ಮುಂದೆ ಕೂತಿದ್ದ. ಒಂದು ಮಾತು ಸಾಕಾಗಿತ್ತು. ಹರಕೆಯೂ ಇಲ್ಲ, ಮಠವೂ ಇಲ್ಲ, ಮೊದಲಿನಿಂದಲೂ ಇರಲಿಲ್ಲ ಎಂದರೆ ನಾಳೆಯಿಂದ ಉಮಾದೇವಿ ಎಲ್ಲಿಗೂ ಹೋಗುವುದಿಲ್ಲ. ಈ ಹಂಚಿನ ಪಕ್ಕದಲ್ಲೇ ಕೂತಿರುತ್ತಾಳೆ. ಅದೇನು ಕಡಿಮೆ ಸುಖವೇ.

“ಏನು?” ಎಂದ ನಾಗೇಂದ್ರಪ್ಪ.

ಅವಳು ಅವನನ್ನು ನೋಡಿದಳು. ಅವನು ಸಿಟ್ಟಾಗುವನು, ಆಮೇಲೆ ನಗುವನು, ಸಂಜೆ ಸ್ಟೇಷನ್ನಿನ ಚಹಾದ ಅಂಗಡಿಯಲ್ಲಿ ಹೇಳಿಕೊಂಡು ನಾಲ್ಕು ಮಂದಿಯನ್ನು ನಗಿಸುವನು. ಆಮೇಲೆ ಈ ಮನೆಯ ಹೆಂಗಸರಿಗೆ ಅಮಾವಾಸ್ಯೆಯೂ ಉಳಿದ ದಿನಗಳಂತೆಯೇ ಆಗುತ್ತದೆ. ಇದ್ದದ್ದು ಒಂದೇ ದಿನ. ಈಗ ಅದು ಅವಳದಲ್ಲ, ಆದರೆ ಮನೆಯಲ್ಲಿ ಇನ್ನೂ ಇದೆ. ಎಂದಾದರೂ ಅವಳ ಪಾಳಿ ಬರಬೇಕಾದರೆ ಅದು ಇರಲೇಬೇಕು. ಸೊಸೆಯ ಮೇಲಿನ ಮಮತೆಯಿಂದ ಅವಳು ಬಾಯಿ ಕಟ್ಟಿಕೊಂಡಳು ಎಂದು ಯಾರಾದರೂ ತಿಳಿದರೆ ಅದು ತಪ್ಪು.

“ಹಿಟ್ಟು ಮುಗೀಲಿಕತ್ತದರಿ,” ಎಂದಳು. “ಗಿರಣಿಗಿ ಕಳಸ್ರಿ.”

ಒಳಗೆ ಬಂದು ಭುಜಕ್ಕೆ ಸೆರಗು ಬಿಗಿದು ಕಟ್ಟಿ, ಎರಡನೆಯ ಹಂಚಿನ ಕೆಳಗೂ ಬೆಂಕಿ ಹಚ್ಚಿದಳು.